ದಾಂಪತ್ಯದ ಪ್ರಶ್ನಾವಳಿಯೂ ಗೋಳಗುಮ್ಮಟ ಸೀಮೆಯ ಉತ್ತರಗಳೂ: ಒಂದು ಐತಿಹಾಸಿಕ ವಿವೇಚನೆ

ಪರದೇಶದಲ್ಲಿ ನೆಲೆಸಿದ ಪತಿಯಾಗಲಿ ಪತ್ನಿಯಾಗಲಿ ಊರಿನಲ್ಲಿ ಉಳಿದಿರುವ ತನ್ನ ಸಂಗಾತಿಯನ್ನು ಬಳಿಗೆ ಕರೆಯಿಸಿಕೊಳ್ಳಬೇಕಾದರೆ, ಆ ದೇಶದ ಸರಕಾರಕ್ಕೆ ತಾನು ಪ್ರಾಯೋಜಕನೆಂದು ಅರ್ಜಿಯನ್ನು ಸಲ್ಲಿಸಬೇಕಾಗುತ್ತದೆ. ಈ ಅರ್ಜಿಯಲ್ಲಿ ಆದಾಯ, ವಸತಿ, ಆರೋಗ್ಯ ಇವುಗಳ ವಿಷಯಕವಾದ ಪ್ರಶ್ನೆಗಳಿರುವದು ಸ್ವಾಭಾವಿಕವೇ. ಆದರೆ ಅದರ ಅತ್ಯಂತ ಕಠಿಣವಾದ ಭಾಗವು ಬೇರೆಯಾಗಿದೆ. ನೀವಿಬ್ಬರೂ ಮೊದಲು ಎಂದು, ಎಲ್ಲಿ ಭೇಟಿಯಾದಿರಿ? ಪರಿಚಯ ಮಾಡಿಸಿದವರು ಯಾರು? ನಿಮ್ಮ ಸಂಬಂಧವು ಹೇಗೆ ಬೆಳೆಯಿತು? ವಿವಾಹದ ವಿಧಿಗಳು ಯಾವುವು, ಅಲ್ಲಿ ಯಾರು ಯಾರು ಹಾಜರಿದ್ದರು? ದೂರವಿರುವಾಗ ಪರಸ್ಪರ ಸಂಪರ್ಕವನ್ನು ಹೇಗೆ ಇಟ್ಟುಕೊಂಡಿದ್ದೀರಿ? ಕೆನಡಾ ದೇಶದ ವಲಸೆ ಇಲಾಖೆಯು ಇಂತಹ ಪ್ರಶ್ನೆಗಳಿಗಾಗಿಯೇ ಒಂದು ಪ್ರತ್ಯೇಕ ನಮೂನೆಯನ್ನು ಇಟ್ಟಿದೆ. ಇಂಗ್ಲೆಂಡು, ಅಮೇರಿಕಾ ಮೊದಲಾದ ದೇಶಗಳಲ್ಲಿಯೂ ಬೇರೆ ಬೇರೆ ರೂಪದಲ್ಲಿ ಇವೇ ಪ್ರಶ್ನೆಗಳು ಕಾಣಬರುತ್ತವೆ.

ಇದು ಇತಿಹಾಸದ ವಿಷಯವೇ ಎಂದು ವಾಚಕರು ಕೇಳಬಹುದು. ಪ್ರಶ್ನೆಗಳಿಗೂ ಇತಿಹಾಸವಿದೆ, ಅವು ಯಾವ ಸಮಾಜದಲ್ಲಿ, ಯಾವ ಸಂಶಯದಿಂದ ಹುಟ್ಟಿದವೆಂಬುದನ್ನು ತಿಳಿಯದೆ ಉತ್ತರ ಬರೆಯಹೊರಟವರು ತಮಗೆ ತಾವೇ ಹಾನಿ ಮಾಡಿಕೊಳ್ಳುವ ಸಂಭವವುಂಟು. ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳನ್ನೊಳಗೊಂಡ ಗೋಳಗುಮ್ಮಟದ ಸೀಮೆಯಿಂದ ಇಂದು ಇಂಜಿನಿಯರರೂ ದಾದಿಯರೂ ವಿದ್ಯಾರ್ಥಿಗಳೂ ಹೊರದೇಶಗಳಿಗೆ ಹೋಗುತ್ತಿರುವದರಿಂದ, ಈ ವಿಚಾರವು ನಮ್ಮ ಕಾಲೇಜುಗಳ ತರುಣ ತರುಣಿಯರಿಗೆ ದೂರದ್ದಲ್ಲ.

ಮೊದಲನೆಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. 'ಮೊದಲು ಎಂದು ಭೇಟಿಯಾದಿರಿ' ಎಂಬ ಮಾತು ಒಂದು ಸಂಗತಿಯನ್ನು ಗೃಹೀತವಾಗಿ ಹಿಡಿದಿದೆ: ವಧೂವರರು ಮೂಲತಃ ಅಪರಿಚಿತರು, ಒಂದು ದಿನ ಎಲ್ಲಿಯೋ ಸಂಧಿಸಿದರು, ಕ್ರಮೇಣ ಒಲವು ಬೆಳೆಯಿತು, ಅದರ ಫಲವಾಗಿ ವಿವಾಹವಾಯಿತು. ಇದು ಪಶ್ಚಿಮ ಯುರೋಪಿನ ಮಧ್ಯಮವರ್ಗದ ವಿವಾಹಪದ್ಧತಿಯ ಚಿತ್ರ. ಬಬಲೇಶ್ವರದ ಕಡೆಯ ಒಂದು ಒಕ್ಕಲು ಮನೆತನದಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡವನು ಈ ಪ್ರಶ್ನೆಗೆ ಏನು ಬರೆಯಬೇಕು? ನಮ್ಮಲ್ಲಿ ಹೆಣ್ಣುಮಗುವನ್ನು ತೊಟ್ಟಿಲಲ್ಲಿಟ್ಟು ಹೆಸರಿಡುವ ಮಾನವು ಸೋದರತ್ತೆಯದು. ಆ ಹೊತ್ತಿಗೆ ಅತ್ತೆಯ ಸೆರಗು ಹಿಡಿದು ನಿಂತಿದ್ದ ಐದು ವರ್ಷದ ಹುಡುಗನೇ ಮುಂದೆ ಆ ಮಗುವಿನ ಕೈಹಿಡಿಯುವವನಾದರೆ, ಅವರ ಪ್ರಥಮ ಭೇಟಿಯ ದಿನಾಂಕವು ವಧುವಿನ ಜನ್ಮದಿನಾಂಕಕ್ಕಿಂತ ಕೆಲವೇ ದಿನ ಈಚಿನದಾಗುತ್ತದೆ. ಅವರಿಗೆ ಪರಿಚಯ ಮಾಡಿಸಿದವರು ಯಾರೂ ಇಲ್ಲ. ಪರಿಚಯವಿಲ್ಲದ ಕಾಲವೇ ಅವರ ನಡುವೆ ಇದ್ದಿಲ್ಲ.

ಈ ವಿಷಯವನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಇರಾವತಿ ಕರ್ವೆಯವರು ಪ್ರಮುಖರು. 1953ರಲ್ಲಿ ಪ್ರಕಟವಾದ ಭಾರತೀಯ ಬಂಧುತ್ವವ್ಯವಸ್ಥೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಅವರು ದೇಶವನ್ನು ವಲಯಗಳಾಗಿ ವಿಂಗಡಿಸಿ, ಉತ್ತರದಲ್ಲಿ ವಧುವು ಅಪರಿಚಿತರ ಮನೆಗೆ ಹೋಗುವಳೆಂದೂ ದಕ್ಷಿಣದಲ್ಲಿ ಅವಳು ಬಹುಮಟ್ಟಿಗೆ ತನ್ನವರ ಮನೆಗೇ ಹೋಗುವಳೆಂದೂ ತೋರಿಸಿದರು. ಕನ್ನಡದಲ್ಲಿ 'ಮಾವ' ಎಂಬ ಒಂದೇ ಶಬ್ದವು ತಾಯಿಯ ತಮ್ಮನಿಗೂ ಗಂಡನ ತಂದೆಗೂ ಸಲ್ಲುವದು, 'ಅತ್ತೆ' ಎಂಬುದು ತಂದೆಯ ತಂಗಿಗೂ ಗಂಡನ ತಾಯಿಗೂ ಸಲ್ಲುವದು ಆಕಸ್ಮಿಕವಲ್ಲ. ವಾವೆಯನ್ನು ನೋಡಿ ಹೆಣ್ಣು ಕೊಡುವ ಈ ಪದ್ಧತಿಯನ್ನು 1955ರ ಹಿಂದೂ ವಿವಾಹ ಅಧಿನಿಯಮವು ಕೂಡ ಮಾನ್ಯ ಮಾಡಿದೆ: ಸೋದರಮಾವ ಮತ್ತು ಅಕ್ಕನ ಮಗಳ ಸಂಬಂಧವನ್ನು ನಿಷಿದ್ಧ ಸಂಬಂಧಗಳಲ್ಲಿ ಎಣಿಸಿದರೂ, ರೂಢಿಯು ಅನುಮತಿಸುವಲ್ಲಿ ಅಂತಹ ವಿವಾಹವು ಊರ್ಜಿತವೆಂದು ಆ ಅಧಿನಿಯಮದ ಐದನೆಯ ಕಲಮು ಹೇಳುತ್ತದೆ.

ಇನ್ನು ಸಂಬಂಧವಿಲ್ಲದ ಮನೆಗಳ ನಡುವಣ ಮದುವೆಯಲ್ಲಿಯೂ 'ಹೇಗೆ ಬೆಳೆಯಿತು' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವಧೂವರರಿಗಿಂತ ಹಿರಿಯರು. ಕನ್ಯೆ ನೋಡಲು ಬಂದವರು ಯಾರು, ಮಧ್ಯಸ್ಥಿಕೆ ವಹಿಸಿದ ಬೀಗರು ಯಾರು, ನಿಶ್ಚಯದ ದಿನ ಯಾರ ಸಮಕ್ಷಮದಲ್ಲಿ ಯಾದಿಯನ್ನು ಬರೆದರು, ಅಕ್ಕಿಕಾಳಿಗೆ ಯಾವ ಯಾವ ಊರಿನವರು ಬಂದಿದ್ದರು: ಇವೇ ನಮ್ಮಲ್ಲಿ ಸಂಬಂಧವು ಬೆಳೆದ ಮೆಟ್ಟಿಲುಗಳು.

ಈಗ ಪ್ರಶ್ನೆಗಳ ಹುಟ್ಟಿನತ್ತ ಬರೋಣ. ದಾಂಪತ್ಯವನ್ನೂ ರಕ್ತಸಂಬಂಧವನ್ನೂ ಬಂದರಿನಲ್ಲಿ ನಿಲ್ಲಿಸಿ ಪರೀಕ್ಷಿಸುವ ಪದ್ಧತಿಯು ಅತ್ಯಂತ ವಿಸ್ತಾರವಾಗಿ ಬೆಳೆದುದು ಅಮೇರಿಕೆಯಲ್ಲಿ, ಚೀನೀಯರ ವಿಷಯದಲ್ಲಿ. 1882ರ ಬಹಿಷ್ಕಾರ ಕಾನೂನಿನಿಂದ ಚೀನೀ ಕಾರ್ಮಿಕರ ಪ್ರವೇಶವು ನಿಂತುಹೋದ ಮೇಲೆ, ಅಲ್ಲಿಯ ಪ್ರಜೆಗಳ ಮಕ್ಕಳೆಂದೂ ವ್ಯಾಪಾರಿಗಳ ಪತ್ನಿಯರೆಂದೂ ಹೇಳಿಕೊಂಡವರೇ ಮೊದಲಾದ ಕೆಲವರಿಗೆ ಮಾತ್ರ ದಾರಿ ಉಳಿಯಿತು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಏಂಜಲ್ ದ್ವೀಪದಲ್ಲಿ 1910ರಿಂದ 1940ರ ವರೆಗೆ ನಡೆದ ಠಾಣೆಯಲ್ಲಿ ಅಧಿಕಾರಿಗಳು ಅರ್ಜಿದಾರನನ್ನೂ ಅವನ ಬಂಧುವನ್ನೂ ಪ್ರತ್ಯೇಕವಾಗಿ ಕೂಡ್ರಿಸಿ, ನಿಮ್ಮ ಹಳ್ಳಿಯಲ್ಲಿ ಎಷ್ಟು ಸಾಲು ಮನೆಗಳಿವೆ, ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿಯ ಪೆಟ್ಟಿಗೆ ಎಲ್ಲಿದೆ ಎಂದು ಕೇಳುತ್ತಿದ್ದರು. ಇಬ್ಬರ ಉತ್ತರಗಳೂ ಕೂಡಿಬರದಿದ್ದರೆ ಮರಳಿ ಹಡಗು ಹತ್ತಬೇಕಾಗುತ್ತಿದ್ದಿತು. ಇದರ ಪರಿಣಾಮವು ವಿಚಿತ್ರವಾಯಿತು. ಸುಳ್ಳು ಸಂಬಂಧ ಹೇಳಿಕೊಂಡು ಬಂದ 'ಕಾಗದದ ಮಕ್ಕಳು' ಉತ್ತರಗಳನ್ನು ಹಡಗಿನಲ್ಲಿ ಬಾಯಿಪಾಠ ಮಾಡಿ ಸಮುದ್ರಕ್ಕೆ ಎಸೆಯುತ್ತಿದ್ದರು. ನಿಜವಾದ ಮಗನು ಮೆಟ್ಟಿಲುಗಳನ್ನು ಎಂದೂ ಎಣಿಸಿರಲಿಲ್ಲವಾದ್ದರಿಂದ ತಡವರಿಸುತ್ತಿದ್ದನು. ಮನುಷ್ಯನ ಸ್ಮೃತಿಯ ಸ್ವಭಾವವನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಆದರೂ ಇಂದಿನ ಸಂದರ್ಶನಗಳಲ್ಲಿಯೂ ದಂಪತಿಗಳ ಉತ್ತರಗಳನ್ನು ಹೋಲಿಸಿ ನೋಡುವ ಈ ಕ್ರಮವು ಉಳಿದುಬಂದಿದೆ.

ಭಾರತೀಯರಿಗೆ ಈ ಸಂಕಟವು ತಟ್ಟಿದ ಪ್ರಸಿದ್ಧ ಸಂದರ್ಭವು ದಕ್ಷಿಣ ಆಫ್ರಿಕೆಯದು. ಪೋರ್ಟ್ ಎಲಿಜಬೆತ್ತಿನ ನಿವಾಸಿಯಾಗಿದ್ದ ಹಸನ್ ಇಸೋಪ್ ಎಂಬವರ ಪತ್ನಿ ಬಾಯಿ ಮರಿಯಮ್ ಅವರಿಗೆ ಪ್ರವೇಶವನ್ನು ನಿರಾಕರಿಸಿದ ವಿಷಯವಾಗಿ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಅವರು 1913ರ ಮಾರ್ಚ್ 14ರಂದು ತೀರ್ಪಿತ್ತರು. ಬಹುಪತ್ನೀತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಗಳಿಂದ ನಡೆದ ವಿವಾಹವು ಆ ದೇಶದ ಕಾನೂನಿನ ದೃಷ್ಟಿಯಲ್ಲಿ ವಿವಾಹವೇ ಅಲ್ಲವೆಂಬುದು ಅದರ ಸಾರ. 1866ರ ಹೈಡ್ ಮೊಕದ್ದಮೆಯಲ್ಲಿ ಇಂಗ್ಲಿಷ್ ನ್ಯಾಯಾಲಯವು ಕೊಟ್ಟ ವಿವಾಹದ ವ್ಯಾಖ್ಯೆಯ ನೆರಳು ಇದರ ಮೇಲಿದ್ದಿತು. ಒಬ್ಬಳೇ ಪತ್ನಿಯಿದ್ದಳೆಂಬುದರಿಂದ ಪ್ರಯೋಜನವಾಗಲಿಲ್ಲ. ಹಿಂದೂ, ಮುಸ್ಲಿಂ, ಪಾರಸಿ ವಿವಾಹಗಳೆಲ್ಲವೂ ಒಂದೇ ಏಟಿಗೆ ಸಂಶಯಾಸ್ಪದವಾದವು. ಅದುವರೆಗೆ ಪುರುಷರ ಹೋರಾಟವಾಗಿದ್ದ ಸತ್ಯಾಗ್ರಹದಲ್ಲಿ ಸ್ತ್ರೀಯರು ಇಳಿದುದು ಈ ತೀರ್ಪಿನ ಬಳಿಕ. ಕಸ್ತೂರಬಾ ಅವರು 1913ರ ಸೆಪ್ಟೆಂಬರಿನಲ್ಲಿ ಗಡಿ ದಾಟಿ ಮೂರು ತಿಂಗಳ ಸೆರೆವಾಸವನ್ನು ಅನುಭವಿಸಿದರು. ಕೊನೆಗೆ 1914ರ ಭಾರತೀಯ ಪರಿಹಾರ ಅಧಿನಿಯಮವು ಒಬ್ಬ ಪತ್ನಿಯ ಪ್ರವೇಶವನ್ನು ಮಾನ್ಯ ಮಾಡಿತು. ಒಂದು ವಲಸೆ ಅರ್ಜಿಯ ಪ್ರಶ್ನೆಯೇ ಚಳುವಳಿಯ ಸ್ವರೂಪವನ್ನು ಬದಲಿಸಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಒಂದೆರಡು ಸಾಲುಗಳಲ್ಲಿ ಮುಗಿಸುವದು ಖೇದಕರ.

ಕೆನಡಾದಲ್ಲಿ ಇದಕ್ಕೂ ಮೊದಲೇ, 1912ರಲ್ಲಿ, ಭಾಗಸಿಂಗ್ ಮತ್ತು ಬಲವಂತಸಿಂಗರ ಪತ್ನಿಯರನ್ನು ಒಳಗೆ ಬಿಟ್ಟರಾದರೂ ಅದು ಕೃಪೆಯೇ ಹೊರತು ಹಕ್ಕಲ್ಲವೆಂದು ಸರಕಾರವು ಸಾರಿತು. ಇಂಗ್ಲೆಂಡಿನಲ್ಲಿ 1962ರ ಕಾನೂನಿನ ತರುವಾಯವೂ ಪತ್ನಿಯರಿಗೆ ದಾರಿಯಿದ್ದಿತು. 1969ರಿಂದ ಮಾತ್ರ ಅವಲಂಬಿತರು ಊರಿನಲ್ಲಿಯೇ ಪ್ರವೇಶಪತ್ರವನ್ನು ಪಡೆಯಬೇಕೆಂಬ ನಿಯಮವು ಬಂದು, ಪ್ರಶ್ನೋತ್ತರಗಳ ಸ್ಥಳವು ಬಂದರಿನಿಂದ ರಾಯಭಾರ ಕಚೇರಿಗಳಿಗೆ ಸ್ಥಳಾಂತರವಾಯಿತು. ಸಂಶಯವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೋ ವಿಮಾನನಿಲ್ದಾಣದಲ್ಲಿ ವಿವಾಹಕ್ಕಾಗಿ ಬಂದಿದ್ದ ಭಾರತೀಯ ಮಹಿಳೆಯೊಬ್ಬರ ಕನ್ಯತ್ವವನ್ನು ವೈದ್ಯರಿಂದ ಪರೀಕ್ಷಿಸಿದ ಅಮಾನುಷ ಘಟನೆಯೇ ಸಾಕ್ಷಿ. ಪತ್ರಿಕೆಯಲ್ಲಿ ಅದು ಬಯಲಾದ ಕೂಡಲೆ ಆ ಪದ್ಧತಿಯನ್ನು ನಿಲ್ಲಿಸಬೇಕಾಯಿತು.

ಇದುವರೆಗೆ ಹೇಳಿದ ಪರೀಕ್ಷೆಗಳೆಲ್ಲವೂ 'ಈ ವಿವಾಹವು ನಿಜವೇ' ಎಂಬ ಒಂದು ಪ್ರಶ್ನೆಯ ಸುತ್ತ ಇದ್ದವು. 1980ರ ದಶಕದಲ್ಲಿ ಎರಡನೆಯದೊಂದು ಪ್ರಶ್ನೆಯು ಪ್ರಾಧಾನ್ಯಕ್ಕೆ ಬಂದಿತು: 'ಈ ವಿವಾಹವನ್ನು ಏತಕ್ಕಾಗಿ ಮಾಡಿಕೊಂಡಿರಿ?' ಇಂಗ್ಲೆಂಡಿನ 'ಪ್ರಧಾನ ಉದ್ದೇಶ'ದ ನಿಯಮದಂತೆ, ಆ ದೇಶದಲ್ಲಿ ನೆಲೆಸುವದು ತನ್ನ ವಿವಾಹದ ಪ್ರಧಾನ ಉದ್ದೇಶವಲ್ಲವೆಂದು ಅರ್ಜಿದಾರನೇ ಸಿದ್ಧಪಡಿಸಬೇಕಾಗಿದ್ದಿತು. ಇಲ್ಲದ ಉದ್ದೇಶವನ್ನು ಇಲ್ಲವೆಂದು ಸಿದ್ಧಪಡಿಸುವದು ತರ್ಕಶಾಸ್ತ್ರದಲ್ಲಿಯೂ ಕಷ್ಟ. ಹಿರಿಯರು ಕೂಡಿಸಿದ ಮದುವೆಗಳೇ ಇದಕ್ಕೆ ಹೆಚ್ಚಾಗಿ ಬಲಿಯಾದವು. 1997ರ ಜೂನಿನಲ್ಲಿ ಆ ನಿಯಮವನ್ನು ತೆಗೆದುಹಾಕಲಾಯಿತು. ಕೆನಡಾದಲ್ಲಿ ಇದಕ್ಕೆ ವಿಪರೀತವಾದ ಗತಿ. ಅಲ್ಲಿಯ 2002ರ ನಿಯಮಾವಳಿಯಲ್ಲಿ, ವಿವಾಹವು ನೈಜವಲ್ಲದಿರುವದೂ ವಲಸೆಯ ಉದ್ದೇಶದಿಂದ ಆದುದೂ ಎರಡೂ ಕಂಡುಬಂದರೆ ಅರ್ಜಿಯು ಬೀಳುತ್ತಿದ್ದಿತು. 2010ರ ಸೆಪ್ಟೆಂಬರಿನ ತಿದ್ದುಪಡಿಯು 'ಮತ್ತು' ಎಂಬಲ್ಲಿ 'ಅಥವಾ' ಎಂದು ಮಾಡಿತು. ಒಂದು ಅವ್ಯಯದ ಬದಲಾವಣೆಯಿಂದ, ನೈಜವಾದ ದಾಂಪತ್ಯವೂ ಉದ್ದೇಶದ ದೋಷಕ್ಕಾಗಿ ತಿರಸ್ಕೃತವಾಗಬಹುದಾದ ಸ್ಥಿತಿ ಉಂಟಾಯಿತು.

ಉದ್ದೇಶಕ್ಕೂ ನೈಜತೆಗೂ ವಿರೋಧವಿದೆಯೆಂಬ ಈ ಕಲ್ಪನೆಯನ್ನು ವಿಜಯಪುರದ ಇತಿಹಾಸದ ವಿದ್ಯಾರ್ಥಿಯು ಸುಲಭವಾಗಿ ಒಪ್ಪಲಾರನು. ಅಹಮದನಗರದ ಹುಸೇನ ನಿಜಾಮಶಾಹನ ಮಗಳಾದ ಚಾಂದಬೀಬಿಯನ್ನು ಒಂದನೆಯ ಅಲಿ ಆದಿಲಶಾಹನಿಗೂ, ಅಲಿಯ ತಂಗಿಯನ್ನು ನಿಜಾಮಶಾಹಿ ರಾಜಕುಮಾರನಿಗೂ ಕೊಟ್ಟು ಮಾಡಿದ ಸಂಬಂಧವನ್ನು ವಿಜಯಪುರದ ಆಸ್ಥಾನದಲ್ಲಿಯೇ ಇದ್ದು ಗ್ರಂಥ ರಚಿಸಿದ ಫಿರಿಸ್ತನು ವರ್ಣಿಸಿದ್ದಾನೆ. ಇದರೊಡನೆ ಸೊಲ್ಲಾಪುರದ ಕೋಟೆಯು ವರದಕ್ಷಿಣೆಯಾಗಿ ಬಂದಿತು. ಎರಡು ಮನೆತನಗಳ ಹಗೆ ಅಡಗಿತು. 1565ರಲ್ಲಿ ವಿಜಯನಗರದ ಮೇಲೆ ನಡೆದ ಯುದ್ಧಕ್ಕೆ ಭೂಮಿಕೆ ಸಿದ್ಧವಾಯಿತು. ಉದ್ದೇಶವು ಅಪ್ಪಟ ರಾಜಕೀಯವೆಂಬುದರಲ್ಲಿ ಸಂದೇಹವಿಲ್ಲ, ಅದನ್ನು ಯಾರೂ ಮರೆಮಾಚಲೂ ಇಲ್ಲ. ಹಾಗಾದರೆ ಆ ದಾಂಪತ್ಯವು ಸುಳ್ಳಾಯಿತೇ? ರಾಣಿಯ ಹೆಸರಿನಿಂದ ನಗರದಲ್ಲಿ ಕಟ್ಟಿಸಿದ ಚಾಂದಬಾವಡಿಯು ಇಂದಿಗೂ ಇದೆ. 1580ರಲ್ಲಿ ಪತಿಯು ಕೊಲೆಯಾದ ಬಳಿಕ ಬಾಲಕನಾದ ಎರಡನೆಯ ಇಬ್ರಾಹೀಮನ ಪರವಾಗಿ ರಾಜ್ಯಭಾರವನ್ನು ಹೊತ್ತವಳು ಅವಳೇ. 2010ರ ನಿಯಮದ ಮುಂದೆ ಅಲಿ ಆದಿಲಶಾಹನು ಅರ್ಜಿ ಸಲ್ಲಿಸಿದ್ದರೆ ಅಧಿಕಾರಿಯು ಸೊಲ್ಲಾಪುರದ ಕೋಟೆಯೊಂದನ್ನೇ ನೋಡಿ ಅದನ್ನು ತಳ್ಳಿಹಾಕುತ್ತಿದ್ದನೋ ಏನೋ!

ಅರಸರ ಮಾತು ಹಾಗಿರಲಿ. ತಿಕೋಟಾದ ದ್ರಾಕ್ಷಿಯ ತೋಟದ ಮನೆಯಲ್ಲಿಯೂ ಮದುವೆಗೆ ಬಹಿರಂಗವಾದ ಉದ್ದೇಶಗಳಿರುತ್ತವೆ: ಹೊಲವು ಹೊರಗೆ ಹೋಗಬಾರದು, ತವರಿನ ನಂಟು ಕಡಿಯಬಾರದು, ಮುಪ್ಪಿನಲ್ಲಿ ತಾಯಿಯನ್ನು ನೋಡಿಕೊಳ್ಳುವ ಸೊಸೆ ಪರಕೀಯಳಾಗಿರಬಾರದು. ಇವುಗಳನ್ನು ಮನೆಯ ಪಡಸಾಲೆಯಲ್ಲಿ ಕುಳಿತು ಹತ್ತು ಜನರ ಮುಂದೆ ಮಾತಾಡುತ್ತಾರೆ. ಹುಡುಗನು ಟೊರಾಂಟೋದಲ್ಲಿ ಉದ್ಯೋಗದಲ್ಲಿದ್ದಾನೆಂಬುದು ಕೂಡ ಅದೇ ಪಡಸಾಲೆಯಲ್ಲಿ ಗುಣವಾಗಿ ಎಣಿಸಲ್ಪಡುತ್ತದೆ, ಹಿಂದೆ ಬಾವಿಯ ನೀರು ಎಣಿಸಲ್ಪಡುತ್ತಿದ್ದ ಹಾಗೆ. ಅದು ಎಣಿಕೆಯಾಯಿತೆಂದ ಮಾತ್ರಕ್ಕೆ ಮದುವೆಯು ವೀಸಾಕ್ಕಾಗಿ ಆಯಿತೆಂದು ಹೇಳುವದು ಅವಿವೇಕ. ಹಣ ತೆಗೆದುಕೊಂಡು ಕಾಗದದ ಮೇಲೆ ಮಾತ್ರ ಗಂಡಹೆಂಡಿರಾಗುವ ವಂಚನೆಗಳು ಇಲ್ಲವೆಂದಲ್ಲ. ಅವು ಇರುವದರಿಂದಲೇ ಈ ನಿಯಮಗಳು ಬಂದಿವೆ.

ಪುರಾವೆಯ ವಿಷಯಕ್ಕೆ ಬಂದರೆ, ನಮ್ಮ ಪದ್ಧತಿಯು ಜನರ ಸಾಕ್ಷ್ಯವನ್ನು ಅವಲಂಬಿಸಿತ್ತೇ ಹೊರತು ಕಾಗದವನ್ನಲ್ಲ. ಮುಸಲ್ಮಾನರ ನಿಕಾಹನಾಮೆಯಲ್ಲಿ ಮೆಹರಿನ ಮೊತ್ತ, ಸಾಕ್ಷಿದಾರರ ಹೆಸರು ಬರಹದಲ್ಲಿ ಇರುತ್ತಿದ್ದವು. ಉಳಿದ ಸಮಾಜಗಳಲ್ಲಿ ಸುರಗಿ ಸುತ್ತಿದುದನ್ನು, ಅಕ್ಕಿಕಾಳು ಬಿದ್ದುದನ್ನು ಕಂಡವರ ಮಾತೇ ಪ್ರಮಾಣ. ಬ್ರಿಟಿಷರು ರಚಿಸಿದ 1872ರ ಸಾಕ್ಷ್ಯ ಅಧಿನಿಯಮವು ಇದನ್ನು ಅರಿತು ನಡೆದಿದೆಯೆಂಬುದು ಗಮನಾರ್ಹ. ಅದರ 50ನೆಯ ಕಲಮಿನ ಪ್ರಕಾರ, ಇಬ್ಬರ ನಡುವಣ ಸಂಬಂಧದ ವಿಷಯವಾಗಿ ಕುಟುಂಬದವರು ಮತ್ತು ಬಲ್ಲವರು ತಮ್ಮ ನಡವಳಿಕೆಯಿಂದ ವ್ಯಕ್ತಪಡಿಸುವ ಅಭಿಪ್ರಾಯವು ಪ್ರಸ್ತುತವಾದ ಸಂಗತಿ. ಸ್ನೇಹಿತರು ಅವರನ್ನು ಗಂಡಹೆಂಡಿರೆಂದು ಬರಮಾಡಿಕೊಳ್ಳುತ್ತಿದ್ದರೆಂಬುದನ್ನೇ ಅಲ್ಲಿ ಉದಾಹರಣೆಯಾಗಿ ಕೊಟ್ಟಿದೆ. ವಿಚ್ಛೇದನ ಮತ್ತು ದ್ವಿಪತ್ನೀತ್ವದ ಪ್ರಕರಣಗಳಲ್ಲಿ ಮಾತ್ರ ಇಷ್ಟೇ ಸಾಲದು. 2023ರ ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಈ ತತ್ತ್ವವು ಮುಂದುವರಿದಿದೆ.

ನೋಂದಣಿಯ ಇತಿಹಾಸವು ಇದಕ್ಕಿಂತ ಈಚಿನದು. ಬಿಜಾಪುರ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿದ್ದಾಗಲೇ, 1953ರಲ್ಲಿ, ಆ ರಾಜ್ಯವು ವಿವಾಹ ನೋಂದಣಿಯ ಅಧಿನಿಯಮವನ್ನು ಮಾಡಿದ್ದಿತು. 1955ರ ಹಿಂದೂ ವಿವಾಹ ಅಧಿನಿಯಮವು ನೋಂದಣಿಗೆ ಅವಕಾಶ ಕೊಟ್ಟರೂ, ನೋಂದಾಯಿಸದಿದ್ದರೆ ಮದುವೆ ಕೆಡದೆಂದು ಹೇಳಿತು. ಕರ್ನಾಟಕವು 1976ರ ವಿವಾಹ ನೋಂದಣಿ ಅಧಿನಿಯಮದಿಂದ ಅದನ್ನು ಕಡ್ಡಾಯ ಮಾಡಿತಾದರೂ ಹಳ್ಳಿಗಳಲ್ಲಿ ಅದರ ಪಾಲನೆ ವಿರಳ. ಸ್ತ್ರೀಯರ ವಿರುದ್ಧದ ತಾರತಮ್ಯವನ್ನು ತೊಡೆಯುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 1993ರಲ್ಲಿ ಒಪ್ಪಿಗೆಯಿತ್ತಾಗ, ಇಷ್ಟು ವಿಶಾಲವೂ ವಿವಿಧ ಆಚಾರಗಳುಳ್ಳದ್ದೂ ಆದ ದೇಶದಲ್ಲಿ ಕಡ್ಡಾಯ ನೋಂದಣಿಯು ವ್ಯವಹಾರ್ಯವಲ್ಲವೆಂದು ಸರಕಾರವೇ ಘೋಷಿಸಿದ್ದಿತು. 2006ರ ಫೆಬ್ರುವರಿ 14ರಂದು ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳೂ ನೋಂದಣಿಯನ್ನು ಕಡ್ಡಾಯ ಮಾಡಬೇಕೆಂದು ಆದೇಶಿಸಿತು.

ಇದರ ಮುಂದಿನ ಬೆಳವಣಿಗೆಯು ನಮ್ಮ ವಿಷಯಕ್ಕೆ ಅತ್ಯಂತ ನಿಕಟವಾದುದು. ವಿದೇಶದಲ್ಲಿರುವ ವರನ ಕಡೆಯವರು ವೀಸಾದ ಅರ್ಜಿಗೆ ಸಮಯ ಉಳಿಯಲೆಂದು ಮದುವೆಗೆ ಮುಂಚೆಯೇ ನೋಂದಣಿಪತ್ರವನ್ನು ಮಾಡಿಸಿಕೊಂಡು, ವಿಧಿಗಳನ್ನು ಆಮೇಲೆ ನಡೆಯಿಸುವ ಪರಿಪಾಠವು ಬೆಳೆಯಿತು. ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಅಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠವು 2024ರ ಏಪ್ರಿಲ್ 19ರ ಆದೇಶದಲ್ಲಿ ಇದನ್ನು ಹೆಸರಿಸಿ ಖಂಡಿಸಿತು. ಹಿಂದೂ ವಿವಾಹ ಅಧಿನಿಯಮದ ಏಳನೆಯ ಕಲಮಿನಂತೆ ರೂಢಿಯ ವಿಧಿಗಳು ನಡೆಯದಿದ್ದರೆ ನೋಂದಣಿಪತ್ರವೊಂದರಿಂದಲೇ ಅವರು ಪತಿಪತ್ನಿಯರಾಗಲಾರರೆಂದು ಸ್ಪಷ್ಟಪಡಿಸಿತು. ಹೀಗೆ ಹೊರದೇಶವು ಕಾಗದವನ್ನು ಕೇಳುತ್ತಿರುವಾಗ ನಮ್ಮ ನ್ಯಾಯಾಲಯವು ಕಾಗದದ ಹಿಂದಿನ ಸುರಗಿಯನ್ನೂ ಸಪ್ತಪದಿಯನ್ನೂ ಕೇಳುತ್ತಿದೆ. ಮುಸಲ್ಮಾನ ಕುಟುಂಬಗಳಿಗೆ ಸಂಬಂಧಿಸಿದಂತೆ, ಒಬ್ಬರು ಪ್ರತ್ಯಕ್ಷವಾಗಿ ಹಾಜರಿಲ್ಲದೆ ದೂರವಾಣಿಯ ಮೂಲಕ ಅಥವಾ ಪ್ರತಿನಿಧಿಯ ಮೂಲಕ ನಡೆದ ನಿಕಾಹವನ್ನು ಕೆನಡಾ ಸಾಮಾನ್ಯವಾಗಿ 2015ರಿಂದ ಮಾನ್ಯ ಮಾಡುವದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಹಾಗಾದರೆ ಉತ್ತರವನ್ನು ಹೇಗೆ ಬರೆಯಬೇಕು? ಪ್ರಶ್ನೆಯು ಬೇಡುವ ಪ್ರಣಯಕಥೆಯನ್ನು ಕಟ್ಟಿ ಕೊಡುವ ಪ್ರಲೋಭನೆಯು ಸಹಜ. ಸೋದರಮಾವನ ಮಗಳನ್ನು ಕಾಲೇಜಿನ ಸಮ್ಮೇಳನದಲ್ಲಿ ಕಂಡೆನೆಂದು ಬರೆದವನು ಮೊದಲನೆಯದಾಗಿ ಸಂದರ್ಶನದಲ್ಲಿ ಸಿಕ್ಕಿಬೀಳುವನು; ವಧುವಿನ ತಂದೆಯೂ ತನ್ನ ತಾಯಿಯೂ ಒಡಹುಟ್ಟಿದವರೆಂಬುದು ಅಜ್ಜ ಅಜ್ಜಿಯರ ಹೆಸರಿನಿಂದಲೇ ತಿಳಿಯುತ್ತದೆ. ಎರಡನೆಯದಾಗಿ, ಕೆನಡಾದ ಕಾನೂನಿನಲ್ಲಿ ಮಹತ್ವದ ಸಂಗತಿಯನ್ನು ಸುಳ್ಳಾಗಿ ಹೇಳಿದವನಿಗೆ 2014ರಿಂದ ಐದು ವರ್ಷಗಳ ಪ್ರವೇಶನಿಷೇಧವಿದೆ. ಐದು ವರ್ಷವೆಂದರೆ, ತಿಕೋಟಾದಲ್ಲಿ ಕಾದಿರುವ ಒಬ್ಬ ಹೆಣ್ಣುಮಗಳ ತಾರುಣ್ಯದ ಐದು ವರ್ಷ. ಸಂಬಂಧವನ್ನು ಮುಚ್ಚಿಡಲು ಕಾನೂನಿನ ಕಾರಣವೂ ಇಲ್ಲ. ಕೆನಡಾದ 1990ರ ಅಧಿನಿಯಮವು ನೇರ ಪೀಳಿಗೆಯವರ ಮತ್ತು ಒಡಹುಟ್ಟಿದವರ ವಿವಾಹವನ್ನು ಮಾತ್ರ ನಿಷೇಧಿಸುತ್ತದೆ. ಇಂಗ್ಲೆಂಡಿನಲ್ಲಿ ಸೋದರಮಾವನೊಡನೆ ವಿವಾಹವು ನಿಷಿದ್ಧವೇ ಆದರೂ, ಈಜಿಪ್ತಿನಲ್ಲಿ ಯಹೂದಿ ಆಚಾರದಂತೆ ನಡೆದ ಅಂತಹದೇ ವಿವಾಹವನ್ನು ಅಲ್ಲಿಯ ನ್ಯಾಯಾಲಯವು 1962ರಲ್ಲಿ ಚೇನಿ ಮೊಕದ್ದಮೆಯಲ್ಲಿ ಮಾನ್ಯ ಮಾಡಿದೆ.

ನಮ್ಮ ಅಭಿಪ್ರಾಯದಲ್ಲಿ, 'ಮೊದಲು ಎಂದು ಭೇಟಿಯಾದಿರಿ' ಎಂಬಲ್ಲಿ 'ಅವಳು ನನ್ನ ಸೋದರಮಾವನ ಮಗಳು. ಹುಟ್ಟಿದಂದಿನಿಂದ ಬಲ್ಲೆನು' ಎಂದು ಬರೆದು, ಒಂದು ವಂಶವೃಕ್ಷವನ್ನೂ ಈ ಪ್ರದೇಶದಲ್ಲಿ ಅಂತಹ ವಿವಾಹವು ರೂಢಿಯೆಂಬ ವಿವರಣೆಯನ್ನೂ ಜೊತೆಗಿಡುವದೇ ಯುಕ್ತ. ಮದುವೆಯ ಮಾತು ಎಂದು ಹೊರಟಿತು, ನಿಶ್ಚಯವು ಎಂದಾಯಿತು ಎಂಬ ದಿನಾಂಕಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು, ಇಬ್ಬರೂ ಒಂದೇ ಮೂಲದಿಂದ. ದಾಖಲೆಗಳಲ್ಲಿ ಫೋಟೋಗಳಿಗೆ ಎಲ್ಲರೂ ಮಹತ್ವ ಕೊಡುತ್ತಾರೆ. ಇತಿಹಾಸಕಾರನ ದೃಷ್ಟಿಯಿಂದ ಅವಕ್ಕಿಂತ ಬೆಲೆಯುಳ್ಳವು ಎರಡಿವೆ. ಒಂದು, ಲಗ್ನಪತ್ರಿಕೆ: ಅದರಲ್ಲಿ ಸುಖಾಗಮನವನ್ನು ಬಯಸುವವರೆಂದು ಮುದ್ರಿತವಾದ ಬಂಧುಗಳ ಪಟ್ಟಿಯು ಎರಡೂ ಮನೆತನಗಳ ಬಹಿರಂಗ ಒಪ್ಪಿಗೆಯ ಪತ್ರ. ಇನ್ನೊಂದು, ಆಯೇರಿಯ ವಹಿ. ಯಾವ ಊರಿನ ಯಾರು ಎಷ್ಟು ರೂಪಾಯಿ, ಯಾವ ಬಟ್ಟೆಯನ್ನು ಓದಿಸಿದರೆಂದು ಮದುವೆಯ ದಿನವೇ ಮಂಟಪದ ಮಗ್ಗುಲಲ್ಲಿ ಕುಳಿತು ಬರೆದ ಆ ವಹಿಯನ್ನು ಮುಂದೆ ಮುಯ್ಯಿ ತೀರಿಸುವದಕ್ಕಾಗಿ ಇಟ್ಟುಕೊಂಡಿರುತ್ತಾರೆ, ಯಾವ ಅಧಿಕಾರಿಗೆ ತೋರಿಸುವದಕ್ಕಾಗಿಯೂ ಅಲ್ಲ. ಆದುದರಿಂದಲೇ ಅದರ ಸಾಕ್ಷ್ಯವು ನಂಬಲರ್ಹವಾದುದು. ಕನ್ನಡದಲ್ಲಿರುವ ಅದನ್ನು ಅನುವಾದ ಮಾಡಿಸಿ ಪ್ರಮಾಣೀಕರಿಸಿ ಕಳಿಸುವ ಶ್ರಮವನ್ನು ತೆಗೆದುಕೊಳ್ಳುವವರು ಕಡಿಮೆ.

ಇಂತಹ ಪ್ರಶ್ನೆಗಳನ್ನು ಕೇಳುವವರು ಪರದೇಶದವರು ಮಾತ್ರವಲ್ಲ. ನಮ್ಮ ಪೌರತ್ವ ಅಧಿನಿಯಮಕ್ಕೆ 2015ರಲ್ಲಿ ಆದ ತಿದ್ದುಪಡಿಯಂತೆ, ಭಾರತೀಯರನ್ನು ವಿವಾಹವಾದ ವಿದೇಶೀಯ ಸಂಗಾತಿಯು ಸಾಗರೋತ್ತರ ಪೌರತ್ವದ ಕಾರ್ಡನ್ನು ಪಡೆಯಬೇಕಾದರೆ ವಿವಾಹವು ನೋಂದಾಯಿತವಾಗಿರಬೇಕು, ಮತ್ತು ಅರ್ಜಿಗೆ ಮೊದಲು ಎರಡು ವರ್ಷ ಎಡೆಬಿಡದೆ ನಡೆದುಬಂದಿರಬೇಕು. ವಿಜಯಪುರದ ಮಗನು ಹೊರದೇಶದ ಸೊಸೆಯನ್ನು ಮನೆಗೆ ಕರೆತಂದಾಗ, ಆ ಎರಡು ವರ್ಷಗಳ ಪುರಾವೆಯನ್ನು ಒದಗಿಸಬೇಕಾದವರು ನಮ್ಮ ಓಣಿಯ ನೆರೆಹೊರೆಯವರು. ಏಂಜಲ್ ದ್ವೀಪದ ಪ್ರಶ್ನೋತ್ತರಗಳ ಕಡತಗಳು ಈಗ ಸ್ಯಾನ್‌ಫ್ರಾನ್ಸಿಸ್ಕೊ ಬಳಿಯ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಅಂದು ಸಂಶಯಕ್ಕೊಳಗಾದವರ ಮೊಮ್ಮಕ್ಕಳು ಅಲ್ಲಿಗೆ ಹೋಗಿ, ತಮ್ಮ ಅಜ್ಜನ ಹಳ್ಳಿಯಲ್ಲಿ ಎಷ್ಟು ಸಾಲು ಮನೆಗಳಿದ್ದವು, ಬಾವಿಯು ಯಾವ ದಿಕ್ಕಿಗೆ ಇದ್ದಿತು ಎಂಬುದನ್ನು ಆ ಕಡತಗಳಿಂದಲೇ ಓದಿ ತಿಳಿದುಕೊಳ್ಳುತ್ತಿದ್ದಾರೆ.